ಮೀನು ಬೇಯಿಸದ ಮನೆಯಲ್ಲಿ ಮೀನಿನ ವಾಸನೆ: ದಾವಣಗೆರೆಯ ಒಂದು ಹಳೇ ಮನೆಯ ಗೋಡೆ ಪ್ರಕರಣ

ದುಗ್ಗಮ್ಮನ ಜಾತ್ರೆ ನಮ್ಮ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ವಾರ ಹಳೇ ಊರಿನ ಯಾವ ಮನೆಗೆ ಹೋದರೂ ಚಪ್ಪಲಿ ಬಿಡಲು ಜಾಗ ಇರುವುದಿಲ್ಲ. ನಾನು ಹೇಳುತ್ತಿರುವ ಮನೆಯಲ್ಲಿ ಇರುವವರು ಐದು ಜನ. ಜಾತ್ರೆಗೆ ಸೇರಿದ್ದು ಇಪ್ಪತ್ತಾರು. ಬೆಳಗಿನ ಐದಕ್ಕೆ ಹಾಕಿದ ಗೀಸರ್ ಹತ್ತು ಗಂಟೆಯಾದರೂ ಆರುತ್ತಿರಲಿಲ್ಲ. ಗ್ಯಾಸ್ ಒಲೆ ಸಾಲದೆ ಇಂಡಕ್ಷನ್ ಒಲೆಯನ್ನೂ ತಂದಿಟ್ಟಿದ್ದರು.

ಮೂರನೇ ದಿನ ಅಜ್ಜಿಗೆ ವಾಸನೆ ಬಡಿಯಿತು. "ಗ್ವಾಡಿ ಒಳಗೆ ಇಲಿ ಸತ್ತೈತಿ ನೋಡ್ರೋ" ಅಂದರಂತೆ. ಸೊಸೆಗೆ ಅದು ಇಲಿ ವಾಸನೆ ಅನ್ನಿಸಲಿಲ್ಲ. "ಮೀನು ಮಾರ್ಕೆಟ್ ಮುಂದೆ ಹೋದಂಗೆ ಆಗ್ತೈತಿ" ಅಂದರು. ಮೊಟ್ಟೆಯನ್ನೂ ಒಳಗೆ ಬಿಡದ ಮನೆ ಅದು. ಎಲ್ಲರೂ ನಕ್ಕರು, ಊದಿನಕಡ್ಡಿ ಹಚ್ಚಿದರು, ಸುಮ್ಮನಾದರು. ನೆಂಟರು ಹೊರಟ ಮೇಲೆ ವಾಸನೆಯೂ ನಿಂತಿತು. ಮಿಕ್ಕವರಿಗೆ ಅದು ಮರೆತೇ ಹೋಗಿತ್ತು. ಸೊಸೆ ಮಾತ್ರ ಮರೆಯದೆ ನನಗೆ ಫೋನ್ ಮಾಡಿದರು.

ನಾನು ವೈರಿಂಗ್ ಕಂಟ್ರಾಕ್ಟ್ ಮಾಡುವವನು. ಮೀನಿನ ವಾಸನೆ ಅಂದ ಕೂಡಲೇ ಕೈಯಲ್ಲಿದ್ದ ಕೆಲಸ ಹುಡುಗರಿಗೆ ಬಿಟ್ಟು ಹೊರಟೆ. ಸ್ವಿಚ್, ಸಾಕೆಟ್, ಹೋಲ್ಡರ್‌ಗೆ ಬಳಸುವ ಕೆಲವು ಪ್ಲಾಸ್ಟಿಕ್ ಅತಿಯಾಗಿ ಕಾದಾಗ ಮೀನಿನಂಥ ವಾಸನೆ ಬಿಡುತ್ತದೆ. ಹೊಗೆ ಕಾಣುವ ಮೊದಲೇ ಬಿಡುತ್ತದೆ. ಲೋಡ್ ಇಳಿದರೆ ವಾಸನೆಯೂ ಹೋಗುತ್ತದೆ, ಅದಕ್ಕೇ ಜನ ಮರೆಯುತ್ತಾರೆ.

ಮನೆ ಹೇಗಿದೆ

ಹಳೇ ಪೇಟೆಯ ಸಾಲು ಮನೆ. ಎರಡೂ ಪಕ್ಕದ ಮನೆಗಳಿಗೆ ಜಂಟಿ ಗೋಡೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ಅದಕ್ಕೆ ಸುಣ್ಣದ ಗಾರೆ. ಮೇಲೆ ತೊಲೆ, ಜಂತೆ, ಹಲಗೆ, ಅದರ ಮೇಲೆ ಮಣ್ಣಿನ ಮಾಳಿಗೆ. ನಡುಮನೆಯ ಮೇಲೆ ಅಟ್ಟ. ಎಂಬತ್ತು ವರ್ಷ ಆಗಿದೆ ಅಂತ ಮನೆಯವರು ಹೇಳುತ್ತಾರೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲಕ್ಕೆ ಇದು ಹತ್ತಿ ವ್ಯಾಪಾರದ ಮನೆ. ಅಟ್ಟದ ತುಂಬಾ ಹತ್ತಿ ಅಂಡಿಗೆ ಇರುತ್ತಿದ್ದವಂತೆ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ವ್ಯಾಪಾರವೂ ನಿಂತಿತು. ಹತ್ತಿ ಮಾತ್ರ ಪೂರ್ತಿ ಹೋಗಿರಲಿಲ್ಲ. ಅದು ಆಮೇಲೆ ಗೊತ್ತಾಯಿತು.

ಮನೆಯ ಯಜಮಾನರು, ಅಂದರೆ ಅಜ್ಜಿಯ ಮಗ, ಮೊದಲ ದಿನವೇ ನನ್ನನ್ನು ಕೇಳಿದರು: "ಮಣ್ಣಿನ ಗ್ವಾಡಿಗೆ ಏನಾಗ್ತೈತ್ರೀ? ಮಣ್ಣು ಸುಡ್ತೈತೇನು?" ಪ್ರಶ್ನೆ ಸರಿಯಾಗೇ ಇತ್ತು. ಮಣ್ಣು ಸುಡುವುದಿಲ್ಲ. ದಪ್ಪ ತೊಲೆಯೂ ಅಷ್ಟು ಬೇಗ ಸುಡುವುದಿಲ್ಲ. ಉರಿಗೆ ಸಿಕ್ಕ ದೊಡ್ಡ ಮರ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಮಾತ್ರ ಕರಕಲಾಗುತ್ತದೆ. ಆ ಕರಕಲೇ ಒಳಗಿನ ಮರಕ್ಕೆ ಕಂಬಳಿ ಹೊದಿಸಿದ ಹಾಗೆ. ಈ ಲೆಕ್ಕದಲ್ಲಿ ನೋಡಿದರೆ ಹಳೇ ಮನೆ ಎಷ್ಟೋ ಹೊಸ ಮನೆಗಿಂತ ಗಟ್ಟಿ.

ಭಯ ಇರುವುದು ಗೋಡೆಯಲ್ಲಲ್ಲ, ಗೋಡೆಯ ಟೊಳ್ಳಿನಲ್ಲಿ. ತೊಲೆಯ ತುದಿ ಕೂರುವ ಗೂಡು, ಬಾಗಿಲ ಚೌಕಟ್ಟಿನ ಹಿಂದಿನ ಸಂದು, ಮುಚ್ಚಿಹೋದ ಒಲೆಯ ಹೊಗೆಗೂಡು, ಯಾವತ್ತೋ ನಲ್ಲಿ ಪೈಪಿಗೆ ಕೊರೆದು ಬಿಟ್ಟ ತೂತು. ಗಾಳಿ ಒಳಗೆ ಹೋಗುವಷ್ಟು ದಾರಿ, ಕಣ್ಣಿಗೆ ಕಾಣದಷ್ಟು ಮರೆ. ಹೀಗಿರುವ ಕಡೆ ಒಂದು ಕೆಟ್ಟ ಜಾಯಿಂಟ್ ಇದ್ದರೆ ಸಾಕು.

ಪ್ಯಾನೆಲ್ ಬಿಚ್ಚಿದಾಗ

ವಾಸನೆ ಬಂದಿದ್ದು ನಡುಮನೆಯ ಟಿವಿ ಗೋಡೆಯಿಂದ. ಐದು ವರ್ಷದ ಹಿಂದೆ ಯಜಮಾನರು ಅಲ್ಲಿ ಪ್ಲೈವುಡ್ ಪ್ಯಾನೆಲ್ ಹೊಡೆಸಿದ್ದರು. ಮಣ್ಣಿನ ಗೋಡೆ ಉಬ್ಬುತಗ್ಗು, ಹಾಗಾಗಿ ರೀಪು ಹೊಡೆದು ಅದರ ಮೇಲೆ ಪ್ಲೈವುಡ್ ಕೂರಿಸಿದ್ದರು. ಗೋಡೆಗೂ ಪ್ಲೈವುಡ್‌ಗೂ ನಡುವೆ ಎರಡು ಇಂಚು ಟೊಳ್ಳು. ನೆಲದಿಂದ ಅಟ್ಟದ ಹಲಗೆಯವರೆಗೂ ಎಲ್ಲೂ ತಡೆ ಇಲ್ಲ. ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿದೆ. ಫ್ಯಾನ್ ಆರಿಸಿ, ಪ್ಯಾನೆಲ್‌ನ ಕೆಳಗಿನ ಸಂದಿಗೆ ಊದಿನಕಡ್ಡಿ ಹಿಡಿದೆ. ಹೊಗೆ ಸುತ್ತ ಹರಡಲಿಲ್ಲ. ಯಾರೋ ಒಳಗಿಂದ ಸೇದಿದ ಹಾಗೆ ಸಂದಿಯೊಳಗೆ ಹೋಯಿತು. ಅಟ್ಟದಲ್ಲಿ ನಿಲ್ಲಿಸಿದ್ದ ನಮ್ಮ ಹುಡುಗ ಸ್ವಲ್ಪ ಹೊತ್ತಿಗೇ ಕೂಗಿದ: "ಅಣ್ಣಾ, ಇಲ್ಲಿ ಬಂತು!" ಅಂದ ಹಾಗೆ ಜಾತ್ರೆಯಲ್ಲಿ ವಾಸನೆ ಹೋಗಲಿ ಅಂತ ಹಚ್ಚಿದ ಊದಿನಕಡ್ಡಿಯೂ ಇದೇ ದಾರಿ ಹಿಡಿದಿರಬೇಕು. ಯಾರೂ ನೋಡಿರಲಿಲ್ಲ, ಅಷ್ಟೇ.

ಮೇನ್ ಆಫ್ ಮಾಡಿ ಪ್ಯಾನೆಲ್ ಬಿಚ್ಚಿದೆವು. ಒಳಗೆ ಹಳೇ ಮರದ ಬೋರ್ಡ್ ಹಾಗೇ ಇತ್ತು. ಅದನ್ನು ತೆಗೆಯದೆ ಮೇಲೆ ಪ್ಲೈವುಡ್ ಹೊಡೆದಿದ್ದರು. ಬೋರ್ಡಿನೊಳಗೆ ಮೂರು ಕಾಲದ ವೈರ್‌ಗಳು ಒಂದೇ ಕಡೆ ಸೇರಿದ್ದವು. ಅಜ್ಜನ ಕಾಲದ್ದು ರಬ್ಬರ್ ಮೇಲೆ ನೂಲಿನ ಹೆಣಿಗೆ ಇರುವ ತಾಮ್ರದ ವೈರ್, ನಮ್ಮ ಭಾಷೆಯಲ್ಲಿ ಮೂರು ಇಪ್ಪತ್ತೆರಡು. ಅಂದರೆ 22 ಗೇಜಿನ ಮೂರು ಎಳೆ, ಒಟ್ಟು 1.2 ಚದರ ಮಿಲಿಮೀಟರ್ ತಾಮ್ರ. ಎರಡನೆಯದು ಬ್ಯಾಟನ್ ಮೇಲೆ ಹೊಡೆದ ಅಲ್ಯೂಮಿನಿಯಂ. ಮೂರನೆಯದು ಈಚಿನ ಹೊಸ ತಾಮ್ರ. ಮೂರನ್ನೂ ಕೈಯಲ್ಲಿ ತಿರುಚಿ ಕಪ್ಪು ಬಟ್ಟೆ ಟೇಪ್ ಸುತ್ತಿದ್ದರು. ಟೇಪ್ ಮುಟ್ಟಿದರೆ ಕಾಫಿ ಪುಡಿಯ ಹಾಗೆ ಉದುರಿತು. ಅದರ ಹಿಂದಿನ ಮರ ಅಂಗೈ ಅಗಲ ಕಪ್ಪಾಗಿತ್ತು. ಹೆಬ್ಬೆರಳಿಂದ ಒತ್ತಿದೆ, ಬೆರಳು ಒಳಗೆ ಹೋಯಿತು.

ಅದಕ್ಕಿಂತ ಒಂದು ಗೇಣು ಮೇಲೆ ತೊಲೆಯ ಗೂಡು. ಟಾರ್ಚ್ ಬಿಟ್ಟರೆ ಬೆಳ್ಳಗೆ ಏನೋ ಕಾಣಿಸಿತು. ಇಲಿ ಗೂಡು. ಕೈಗವಸು ಹಾಕಿಕೊಂಡು ಮೆಲ್ಲಗೆ ಎಳೆದೆ. ಅರಳೆ, ಮಂಡಕ್ಕಿ, ಹಳೇ ಲೆಕ್ಕದ ಪುಸ್ತಕದ ಹರುಕು ಕಾಗದ, ವೈರ್ ಮೇಲಿಂದ ಕಡಿದು ತಂದ ಕೆಂಪು ಪ್ಲಾಸ್ಟಿಕ್ ಚೂರು. ವ್ಯಾಪಾರ ನಿಂತು ಇಷ್ಟು ವರ್ಷವಾದರೂ ಅಟ್ಟದ ಸಂದಿಯಲ್ಲಿ ಉಳಿದ ಹತ್ತಿಯನ್ನು ಇಲಿಗಳು ಬಿಟ್ಟಿರಲಿಲ್ಲ. ಒಲೆ ಹಚ್ಚಲು ಇದಕ್ಕಿಂತ ಒಳ್ಳೆಯ ಸಾಮಾನು ನಾನು ನೋಡಿಲ್ಲ. ಹತ್ತಿಗೆ ಇನ್ನೊಂದು ಗುಣ ಇದೆ. ಉರಿ ಇಲ್ಲದೆಯೂ ಒಳಗೊಳಗೇ ಗಂಟೆಗಟ್ಟಲೆ ಕಾವು ಹಿಡಿದು ಕೂರುತ್ತದೆ, ಆಮೇಲೆ ಗಾಳಿ ಸಿಕ್ಕಾಗ ಹೊತ್ತಿಕೊಳ್ಳುತ್ತದೆ.

ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ಆ ಗೂಡನ್ನೇ ನೋಡುತ್ತಾ ನಿಂತರು. "ಇಲಿ ಐತಿ ಅಂತ ನಾ ಹೇಳಿದ್ನೋ ಇಲ್ಲೋ?" ಅಂದರು.

ಎಂಸಿಬಿ ಯಾಕೆ ಬೀಳಲಿಲ್ಲ

ಇದು ಯಜಮಾನರ ಎರಡನೇ ಪ್ರಶ್ನೆ. ಎಲ್ಲಾ ಮನೆಯಲ್ಲೂ ಕೇಳುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕರೆಂಟ್ ಮಿತಿ ಮೀರಿದಾಗ ತಾನೇ ಆಫ್ ಆಗುವ, ನಮ್ಮ ಮಾತಲ್ಲಿ ಬೀಳುವ, ಸ್ವಿಚ್ಚೇ ಎಂಸಿಬಿ.

ಗೀಸರ್ 2000 ವ್ಯಾಟ್. 230 ವೋಲ್ಟ್‌ಗೆ ಭಾಗಿಸಿದರೆ 8.7 ಆಂಪಿಯರ್. ಇಂಡಕ್ಷನ್ ಒಲೆಯೂ ಅಷ್ಟೇ. ಎರಡೂ ಒಂದೇ ಲೈನಲ್ಲಿ, ಅಂದರೆ 17 ಆಂಪಿಯರ್ ಮೇಲೆ. ಆ ಲೈನಿಗೆ ಇದ್ದ ಎಂಸಿಬಿ 32 ಆಂಪಿಯರ್‌ದು. "ಮೊದಲು 16ರದ್ದು ಇತ್ತು, ಪದೇ ಪದೇ ಬೀಳ್ತಿತ್ತು, ಅದಕ್ಕೇ ದೊಡ್ಡದು ಹಾಕ್ಸಿದ್ವಿ" ಅಂದರು. ಹಿಂದಿನ ಕಾಲದಲ್ಲಿ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುತ್ತಿದ್ದರಲ್ಲ, ಇದು ಅದೇ ತಪ್ಪು, ಹೊಸ ಡಬ್ಬಿಯಲ್ಲಿ. ಎಂಸಿಬಿ ಇರುವುದು ವೈರ್ ಕಾಯಲು. ಮೂರು ಇಪ್ಪತ್ತೆರಡರ ವೈರಿಗೆ 32ರ ಎಂಸಿಬಿ ಹಾಕಿದರೆ, ವೈರ್ ಮೊದಲು ಸುಟ್ಟು ಎಂಸಿಬಿಯನ್ನು ಕಾಯುತ್ತದೆ.

ಹಾಗಂತ 16ರದ್ದೇ ಉಳಿಸಿದ್ದರೆ ಈ ಜಾಯಿಂಟ್ ಬಚಾವಾಗುತ್ತಿತ್ತಾ? ಖಾತ್ರಿ ಹೇಳಲಾರೆ. ಒಂದು ಸಡಿಲ ಜಾಯಿಂಟ್‌ನಲ್ಲಿ 0.2 ಓಮ್ ತಡೆ ಇದೆ ಅಂದುಕೊಳ್ಳಿ. ಏನೂ ಅಲ್ಲ ಅನ್ನಿಸುತ್ತದೆ. ಅದರ ಮೂಲಕ 17.4 ಆಂಪಿಯರ್ ಹರಿದರೆ ಆ ಒಂದು ಚುಕ್ಕೆಯಲ್ಲಿ ಹುಟ್ಟುವ ಶಾಖ 60 ವ್ಯಾಟ್. ನನ್ನ ಬ್ಯಾಗಿನಲ್ಲಿರುವ ಸೋಲ್ಡರಿಂಗ್ ಐರನ್ 25 ವ್ಯಾಟ್‌ದು, ಅದು ಸೀಸ ಕರಗಿಸುತ್ತದೆ. ಮರದ ಡಬ್ಬಿಯೊಳಗೆ ಅಂಥ ಎರಡು ಐರನ್ ಇಟ್ಟು ಐದು ಗಂಟೆ ಬಿಟ್ಟ ಹಾಗಾಯಿತು. ಗೀಸರ್ ಒಂದೇ ಓಡಿದರೂ 15 ವ್ಯಾಟ್ ಶಾಖ ಅಲ್ಲಿ ಹುಟ್ಟುತ್ತಲೇ ಇರುತ್ತದೆ, ಎಂಸಿಬಿಗೆ ಅದರ ಸುಳಿವೇ ಇರುವುದಿಲ್ಲ. ಕರೆಂಟ್ ಜಾಸ್ತಿ ಆಗಿಲ್ಲವಲ್ಲ! ಕರೆಂಟ್ ಸೋರದೆ ಇದ್ದರೆ, ಹೋದಷ್ಟು ಕರೆಂಟ್ ವಾಪಸ್ ಬಾರದಾಗ ಆಫ್ ಆಗುವ ಆರ್‌ಸಿಸಿಬಿಯೂ ಬೀಳುವುದಿಲ್ಲ. ಜಾಯಿಂಟ್ ಬಿಸಿಯಾಗುವುದನ್ನು ತಿಳಿಸುವುದು ಮೂಗು ಒಂದೇ, ಅದನ್ನೇ ಈ ಮನೆಯವರು ಊದಿನಕಡ್ಡಿ ಹಚ್ಚಿ ಮುಚ್ಚಿದ್ದರು.

ತಾಮ್ರಕ್ಕೆ ಅಲ್ಯೂಮಿನಿಯಂ ಸುತ್ತಿದ್ದೂ ಕೆಟ್ಟದ್ದು. ಅಲ್ಯೂಮಿನಿಯಂ ಮೇಲೆ ಗಾಳಿಗೆ ಒಂದು ಪದರ ಕಟ್ಟುತ್ತದೆ, ಅದು ಕರೆಂಟ್ ಬಿಡುವುದಿಲ್ಲ. ಕಾದು ಆರಿ, ಕಾದು ಆರಿ, ಹಿಡಿತವೂ ಸಡಿಲಾಗುತ್ತದೆ. ವರ್ಷ ವರ್ಷಕ್ಕೂ ಆ 0.2 ಏರುತ್ತಾ ಹೋಗುತ್ತದೆ.

ಜಗಳ

ವೈರಿನ ಹೊದಿಕೆ ಕರೆಂಟ್ ಸೋರದಂತೆ ಎಷ್ಟು ತಡೆಯುತ್ತದೆ ಅಂತ ಅಳೆಯುವ ಮೆಗ್ಗರ್ ಹಿಡಿದು ಹಳೇ ಲೈನನ್ನು ನೋಡಿದೆ. ಕಡಿಮೆ ಅಂದರೂ ಒಂದು ಮೆಗಾಓಮ್ ತೋರಿಸಬೇಕಾದ ಕಡೆ ಅದರ ಹತ್ತನೇ ಒಂದು ಭಾಗವೂ ಇರಲಿಲ್ಲ. ರೀವೈರಿಂಗ್ ಮಾಡಲೇಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಬಂದಿದ್ದು ಪೈಪ್ ಗೋಡೆಯೊಳಗೆ ಇರಬೇಕೋ ಹೊರಗೆ ಇರಬೇಕೋ ಅಂತ.

ಯಜಮಾನರಿಗೆ ಕನ್ಸೀಲ್ಡ್ ಬೇಕು. "ಹೊರಗೆ ಪೈಪ್ ಎಳೆದ್ರೆ ಗೋಡೌನ್ ಇದ್ದಂಗೆ ಕಾಣ್ತೈತಿ." ನಾನು ಒಪ್ಪಲಿಲ್ಲ. ಮಣ್ಣಿನ ಗೋಡೆಗೆ ಗ್ರೂವ್ ಹೊಡೆದರೆ ಅದು ನೆಟ್ಟಗೆ ಒಡೆಯುವುದಿಲ್ಲ. ಒಂದು ಇಂಚು ಹೊಡೆಯಲು ಹೋದರೆ ಅಂಗೈ ಅಗಲ ಹೆಂಟೆ ಬೀಳುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಮಣ್ಣಿಗೂ ಸಿಮೆಂಟಿಗೂ ಕೂಡುವುದಿಲ್ಲ, ಎರಡು ಮಳೆಗಾಲಕ್ಕೆ ಬಿಡುತ್ತದೆ. ಕೊನೆಗೆ ಏನಾಯಿತು? ಟೊಳ್ಳು ಮುಚ್ಚಲು ಬಂದವನು ಗೋಡೆಯೊಳಗೆ ಇನ್ನಷ್ಟು ಟೊಳ್ಳು ಮಾಡಿಟ್ಟು ಹೋದ ಹಾಗಾಯಿತು. ಹೊರಗಿನ ಪೈಪ್ ಕಣ್ಣಿಗೆ ಕಾಣುತ್ತದೆ, ಇಲಿ ಕಡಿದರೂ ಕಾಣುತ್ತದೆ, ನಾಳೆ ಬಿಚ್ಚಬೇಕಾದರೆ ಗೋಡೆ ಒಡೆಯಬೇಕಿಲ್ಲ. ಎರಡು ದಿನ ಮಾತಾಡಿ ಆಮೇಲೆ ರಾಜಿಯಾಯಿತು. ಪೈಪ್ ಹೊರಗೆ, ಆದರೆ ನಡುಮನೆಯಲ್ಲಿ ತೊಲೆಯ ಪಕ್ಕದಲ್ಲೇ ಓಡಿಸಿ ಮರದ ಬಣ್ಣ ಬಳಿಯುವುದು. ಪ್ಲೈವುಡ್ ಪ್ಯಾನೆಲ್ ಮಾತ್ರ ಮತ್ತೆ ಹೊಡೆಯುವ ಹಾಗಿಲ್ಲ ಅಂತ ನಾನು ಹಠ ಹಿಡಿದೆ. ಸೊಸೆ ನನ್ನ ಕಡೆ ನಿಂತರು, ಹಾಗಾಗಿ ಗೆದ್ದೆ.

ವೈರಿಂಗ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ಎಲ್ಲರೂ ಮಾಡುವ ಕೆಲಸ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರ್‌ಗೂ ಇಂಡಕ್ಷನ್‌ಗೂ ತಲಾ ಒಂದು ಬೇರೆ 4 ಚದರ ಮಿಲಿಮೀಟರ್ ಲೈನ್. ಎಲ್ಲವೂ ಎಫ್‌ಆರ್‌ಎಲ್‌ಎಸ್ ತಾಮ್ರ, ಅಂದರೆ ಬೆಂಕಿ ಬೇಗ ಹರಡದ, ಹೊಗೆ ಕಡಿಮೆ ಬಿಡುವ ಹೊದಿಕೆಯದು. ದೀಪದ ಲೈನಿಗೆ 6, ಪ್ಲಗ್ಗಿನದಕ್ಕೆ 16, ದೊಡ್ಡವಕ್ಕೆ 20 ಆಂಪಿಯರ್ ಎಂಸಿಬಿ. ಮೇಲೆ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಬೋರ್ಡಿಗೆಲ್ಲ ಮರದ ಬದಲು ತಗಡಿನ ಡಬ್ಬಿ. ಜಾಯಿಂಟ್ ಅನ್ನುವುದು ಡಬ್ಬಿಯೊಳಗೆ ಕನೆಕ್ಟರ್‌ನಲ್ಲಿ ಮಾತ್ರ, ಪೈಪಿನೊಳಗೆ ಒಂದೂ ಇಲ್ಲ. ಹಿತ್ತಿಲಲ್ಲಿ ಹೊಸ ಅರ್ತ್ ಗುಂಡಿ. ಅಲ್ಲಿ ಎರೆ ಮಣ್ಣು ಸಿಕ್ಕಿತು, ತೇವ ಹಿಡಿಯುತ್ತದೆ, ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ವಾರಕ್ಕೊಂದು ಕೊಡ ನೀರು ಹಾಕಿ ಅಂತ ಹೇಳಿದ್ದೇನೆ.

ಮೊದಲ ದಿನವೇ ಆರ್‌ಸಿಸಿಬಿ ಆರು ಸಲ ಬಿತ್ತು. ದೇವರ ಕೋಣೆಯ ಸೀರಿಯಲ್ ಸೆಟ್ಟಿಗೆ ಯಾರೋ ಬೇರೆ ಕಡೆಯಿಂದ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ತಂದಿದ್ದರು. ಸರಿ ಮಾಡಿದ ಮೇಲೆ ಬೀಳಲಿಲ್ಲ.

ತೂತು ಮುಚ್ಚಿದ್ದು, ನನ್ನ ತಪ್ಪೂ ಸೇರಿ

ಸಾಮಾನ್ಯವಾಗಿ ನಮ್ಮ ಕೆಲಸ ವೈರಿಂಗಿಗೆ ಮುಗಿಯುತ್ತದೆ. ಇಲ್ಲಿ ಅರ್ಧ ಮಾತ್ರ ಮುಗಿದಿತ್ತು. ರಾತ್ರಿ ಮನೆಯ ದೀಪವೆಲ್ಲ ಆರಿಸಿ, ಅಟ್ಟದಲ್ಲಿ ಮಾತ್ರ ಒಂದು ದೊಡ್ಡ ಟಾರ್ಚ್ ಹಚ್ಚಿಟ್ಟು, ಕೆಳಗೆ ಕತ್ತಲಲ್ಲಿ ನಿಂತು ನೋಡಿದೆವು. ಬೆಳಕು ಎಲ್ಲಿಂದ ಇಣುಕುತ್ತದೋ ಅಲ್ಲಿಂದ ಬೆಂಕಿಯೂ ಹೋಗುತ್ತದೆ. ಮೊಮ್ಮಗ ಸೀಮೆಸುಣ್ಣ ಹಿಡಿದು ಗುರುತು ಹಾಕುತ್ತಾ ಹೋದ. ಮೂವತ್ತೊಂದು ಗುರುತಾದವು. ಅಡುಗೆಮನೆಯ ಹಳೇ ಹೊಗೆಗೂಡಿನಲ್ಲಿ ಬೆಳಕು ಕಾಣಲಿಲ್ಲ. ಕೈ ಹಾಕಿ ನೋಡಿದರೆ ಪಾರಿವಾಳ ಬರುತ್ತವೆ ಅಂತ ಗೋಣಿಚೀಲ ತುರುಕಿದ್ದರು. ಕೆಳಗೆ ಗ್ಯಾಸ್ ಒಲೆ, ಮೇಲೆ ಒಣಗಿದ ಸೆಣಬು.

ಮುಚ್ಚಲು ನಾನು ಪಿಯು ಫೋಮ್ ತಂದೆ. ಡಬ್ಬಿಯಿಂದ ಒತ್ತಿದರೆ ಉಬ್ಬಿಕೊಂಡು ಸಂದಿ ತುಂಬುತ್ತದೆ, ಕೆಲಸ ಬೇಗ. ಎರಡು ದಿನದಲ್ಲಿ ಇಪ್ಪತ್ತು ತೂತು ಮುಚ್ಚಿ ಖುಷಿಯಲ್ಲಿದ್ದೆ. ಗಾರೆ ಮೇಸ್ತ್ರಿ ಬಂದರು, ಎಪ್ಪತ್ತರ ಹತ್ತಿರದವರು. ಒಂದು ಚೂರು ಕಿತ್ತು ಬೆರಳಲ್ಲಿ ಹಿಸುಕಿ, "ಇದು ಹತ್ತೀನ ಅಲ್ಲೇನ್ರಿ?" ಅಂದರು. ಹಿತ್ತಿಲಿಗೆ ಹೋಗಿ ಬೆಂಕಿಕಡ್ಡಿ ಗೀರಿದರು. ಚೂರು ಭುಗ್ ಅಂತ ಹತ್ತಿಕೊಂಡು ಕಪ್ಪು ಹೊಗೆ ಬಿಟ್ಟಿತು. ಮಾಮೂಲಿ ಫೋಮ್ ಸುಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಅವಸರದಲ್ಲಿ ಯೋಚನೆ ಮಾಡಿರಲಿಲ್ಲ. ಇಲಿ ತಂದಿಟ್ಟ ಅರಳೆ ತೆಗೆದು, ಅದೇ ಜಾಗಕ್ಕೆ ನಾನು ದುಡ್ಡು ಕೊಟ್ಟು ತಂದ ಅರಳೆ ತುಂಬಿದ್ದೆ. ಅಷ್ಟನ್ನೂ ಚಾಕು ಹಿಡಿದು ಕಿತ್ತೆವು. ಖರ್ಚು ನನ್ನದೇ.

ಆಮೇಲೆ ಮೇಸ್ತ್ರಿ ಹೇಳಿದ ದಾರಿ. ದೊಡ್ಡ ತೂತಿಗೆ ಇಟ್ಟಿಗೆ ಚೂರು, ಮೇಲೆ ಮಣ್ಣು ಬೆರೆಸಿದ ಸುಣ್ಣದ ಗಾರೆ. ಸಿಮೆಂಟ್ ಬೇಡ ಅಂದರು. ಸಿಮೆಂಟ್ ತೇವ ಕಟ್ಟಿಹಾಕುತ್ತದೆ, ತೊಲೆಯ ತುದಿ ಅಲ್ಲೇ ಕೊಳೆಯುತ್ತದೆ. ತೊಲೆಯ ಸುತ್ತಲಿನ ಸಂದಿಗೆ ನಾನು ರಾಕ್‌ವೂಲ್ ತುಂಬಿದೆ. ಕಲ್ಲು ಕರಗಿಸಿ ಎಳೆದ ನಾರು ಅದು, ಸಾವಿರ ಡಿಗ್ರಿ ಹತ್ತಿರ ಹೋದರೂ ಕರಗುವುದಿಲ್ಲ, ಮರ ಸ್ವಲ್ಪ ಅಲುಗಾಡಿದರೂ ಬಿರುಕು ಬಿಡುವುದಿಲ್ಲ. ಅದರ ಮೇಲೆ ತೆಳ್ಳಗೆ ಗಾರೆ. ಇಲಿ ಓಡಾಡುವ ಕಡೆ ಒಳಗೆ ಸಣ್ಣ ಕಣ್ಣಿನ ತಂತಿ ಜಾಲರಿ. ಹೊಸ ಪೈಪ್‌ಗಳು ಅಟ್ಟಕ್ಕೆ ಏರುವ ಕಡೆ ಪೈಪಿನ ಬಾಯಿಯನ್ನೂ ಬಿಡಲಿಲ್ಲ, ಕಾವಿಗೆ ಉಬ್ಬುವ ಸೀಲಂಟ್ ಹಾಕಿದೆವು. ಪ್ಲಾಸ್ಟಿಕ್ ಪೈಪ್ ಅಂದರೆ ಅದೂ ಒಂದು ಹೊಗೆಗೂಡೇ ಅಲ್ವಾ? ಅಡುಗೆಮನೆಯ ಹೊಗೆಗೂಡಿನ ಗೋಣಿ ತೆಗೆದು ಮೇಲೆ ಕಲ್ಲು ಚಪ್ಪಡಿ, ಕೆಳಗೆ ಇಟ್ಟಿಗೆ ಕಟ್ಟಿದರು. ಒಟ್ಟು ಖರ್ಚಿನಲ್ಲಿ ಈ ಗಾರೆ ಕೆಲಸದ ಪಾಲು ಐದನೇ ಒಂದು ಭಾಗವೂ ಆಗಲಿಲ್ಲ.

ಯಜಮಾನರ ಮಗನಿಗೆ ಇನ್ನೊಂದು ಆಸೆ ಇತ್ತು. ನಡುಮನೆಯ ಸುಣ್ಣದ ಗಾರೆ ಕೆರೆದು ಒಳಗಿನ ಮರದ ಕಂಬ, ಚೌಕಟ್ಟು ಕಾಣುವ ಹಾಗೆ ಮಾಡಿ, ಪಾಲಿಶ್ ಹೊಡೆಸಬೇಕು ಅಂತ. ಈಗ ಅದೇ ಫ್ಯಾಷನ್. ಆ ಗಾರೆಯೇ ಮರಕ್ಕೆ ಇರುವ ಕವಚ, ಬಿಡು ಮಾರಾಯ ಅಂದೆ. ಮನಸ್ಸಿಲ್ಲದ ಮನಸ್ಸಿಂದ ಬಿಟ್ಟ.

ಅಟ್ಟ ಖಾಲಿ ಮಾಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಲೆಕ್ಕದ ಪುಸ್ತಕಗಳ ಮೂಟೆ ರದ್ದಿಗೆ ಹೋದವು. ಮೂಲೆ ಮೂಲೆಯ ಅರಳೆ ಧೂಳನ್ನು ವ್ಯಾಕ್ಯೂಮ್ ಹಿಡಿದು ಎಳೆದೆವು. ಅಜ್ಜಿಯ ಕೌದಿ ಪೆಟ್ಟಿಗೆ ಮಾತ್ರ ಇಳಿಯಲಿಲ್ಲ. "ಅವು ನಮ್ಮವ್ವ ಹೊಲಿದಿದ್ದು." ಕೊನೆಗೆ ಅದಕ್ಕೆ ಅಜ್ಜಿಯ ಮಂಚದ ಕೆಳಗೆ ಜಾಗ ಆಯಿತು. ಅಟ್ಟಕ್ಕೂ ನಡುಮನೆಗೂ ಒಂದೊಂದು ಬ್ಯಾಟರಿ ಹೊಗೆ ಅಲಾರಂ, ಬಾಗಿಲ ಪಕ್ಕ ಬೆಂಕಿ ಆರಿಸುವ ಒಂದು ಎಬಿಸಿ ಪುಡಿಯ ಸಿಲಿಂಡರ್. ಮೇನ್ ಆಫ್ ಮಾಡದೆ ನೀರು ಹಾಕಬಾರದು, 112ಕ್ಕೋ 101ಕ್ಕೋ ಫೋನ್ ಮಾಡಬೇಕು ಅಂತ ಮೊಮ್ಮಗ ದಪ್ಪ ಅಕ್ಷರದಲ್ಲಿ ಬರೆದು ಮೇನ್ ಬೋರ್ಡ್ ಪಕ್ಕ ಅಂಟಿಸಿದ.

ಜಂಟಿ ಗೋಡೆ

ಕೆಲಸ ಮುಗಿಯುವ ಹೊತ್ತಿಗೆ ಜಾತ್ರೆ ಕಳೆದು ಒಂದು ತಿಂಗಳು ಹತ್ತಿರ ಆಗಿತ್ತು. ಉತ್ತರದ ಗೋಡೆಯ ಕೊನೆಯ ಗೂಡು ಮುಚ್ಚುವಾಗ ಮೇಸ್ತ್ರಿ ಕರೆದು ತೋರಿಸಿದರು. ನಮ್ಮ ತೊಲೆಯ ತುದಿಗೆ ಎದುರಾಗಿ, ಅದೇ ಗೂಡಿನಲ್ಲಿ, ಪಕ್ಕದ ಮನೆಯ ತೊಲೆಯ ತುದಿ ಬಂದು ಕೂತಿದೆ. ನಡುವೆ ನಾಲ್ಕು ಬೆರಳು ಜಾಗ. ನಮ್ಮ ಕಡೆ ಏನು ಮುಚ್ಚಿದರೂ ಗೋಡೆಯ ಅರ್ಧ ಅವರದು.

ಪಕ್ಕದ ಮನೆಗೆ ಬೀಗ. ಅವರು ಬೆಂಗಳೂರಿನಲ್ಲಿ ಇರುವುದು, ಜಾತ್ರೆಗೆ ಬಂದು ಹೋಗಿದ್ದರು. ಹೊರಡುವಾಗ ಸುಮ್ನೆ ಅವರ ಮೀಟರ್ ಕಡೆ ನೋಡಿದೆ. ಕೆಂಪು ದೀಪ ಮಿನುಗಿತು. ಯಾರೂ ಇಲ್ಲದ ಮನೆ. ಅಲ್ಲೇ ನಿಂತು ಮೊಬೈಲ್ ಹಿಡಿದು ಎಣಿಸಿದೆ. 28 ಸೆಕೆಂಡಿಗೆ ಒಂದು ಸಲ. ಮೀಟರ್ ಮೇಲೆ 3200 ಅಂತ ಇತ್ತು, ಅಂದರೆ ಒಂದು ಯೂನಿಟ್ಟಿಗೆ ಅಷ್ಟು ಸಲ ಮಿನುಗುತ್ತದೆ. ಲೆಕ್ಕ ಹಾಕಿದರೆ ಒಳಗೆ ಎಲ್ಲೋ 40 ವ್ಯಾಟ್ ಓಡುತ್ತಿದೆ.

ಯಜಮಾನರು ಫೋನ್ ಮಾಡಿದರು. ಸಂಜೆ ಅವರ ಸಂಬಂಧಿಕರೊಬ್ಬರು ಬೀಗದ ಕೈ ತಂದರು. ಫ್ರಿಜ್ ಆಫ್ ಇತ್ತು, ಟಿವಿ ಪ್ಲಗ್ ಕಿತ್ತಿದ್ದರು, ಎಲ್ಲಾ ಸ್ವಿಚ್ ಆಫ್. ಏಣಿ ಹಾಕಿ ಅಟ್ಟ ಹತ್ತಿದೆ. ಜಾತ್ರೆಗೆ ಹಾಸಿಗೆ ಇಳಿಸಲು ಹಚ್ಚಿದ ಹಳೇ 40ರ ಬಲ್ಬ್ ಇನ್ನೂ ಉರಿಯುತ್ತಿತ್ತು. ನೆಂಟರು ಹೋದ ಮೇಲೆ ಮತ್ತೆ ಮೇಲಿಟ್ಟ ಹತ್ತಿ ಹಾಸಿಗೆಯ ಸುರುಳಿ ಅದಕ್ಕೆ ತಾಗುವಷ್ಟು ಹತ್ತಿರ. ಬಲ್ಬಿಗೆ ಎದುರಿದ್ದ ಕಡೆ ಹಾಸಿಗೆಯ ಬಿಳಿ ಬಟ್ಟೆ ಒಂದು ಅಂಗೈ ಅಗಲ ಚಹಾ ಬಣ್ಣಕ್ಕೆ ತಿರುಗಿತ್ತು.